ಬೆನ್ನ ಹಿಂದಿನ ಗುಡ್ಡ

ಏಪ್ರಿಲ್ 13, ಭಾನುವಾರ

ಕಚೇರಿಗೆ ಒಪ್ಪಿಸುವ ದಿನಚರಿ ಬೇರೆ ಇದೆ. ಯಾವ ಗ್ರಾಮ, ಯಾವ ಸರ್ವೆ ನಂಬರು, ಎಷ್ಟು ಗಂಟೆಗೆ ಹೋದೆ, ಯಾರು ಹಾಜರಿದ್ದರು, ಯಾರು ಸಹಿ ಹಾಕಲು ಒಪ್ಪಲಿಲ್ಲ, ಇಷ್ಟು. ಸರ್ವೆಯರ್ ಕೆಲಸಕ್ಕೆ ಸೇರಿ ಇಪ್ಪತ್ತೆಂಟು ವರ್ಷವಾಯಿತು; ಒಂದು ತಿಂಗಳೂ ಅದನ್ನು ತಡವಾಗಿ ಕೊಟ್ಟಿಲ್ಲ. ಇವು ಹಳೆಯ ಫೀಲ್ಡ್ ಬುಕ್ಕೊಂದರಲ್ಲಿ ಉಳಿದಿದ್ದ ಖಾಲಿ ಹಾಳೆಗಳು. ಯಾರಿಗೂ ಒಪ್ಪಿಸಬೇಕಾಗಿಲ್ಲ.

ಸುನಂದಾ ಚಿಕ್ಕನಾಯಕನಹಳ್ಳಿಯಲ್ಲಿ ಬಾಡಿಗೆಗೆ ಮನೆ ಹಿಡಿದಿದ್ದಾಳೆ. ಅಲ್ಲಿನ ಶಾಲೆಗೆ ಹೆಡ್‌ಮಿಸ್ ಆಗಿ ವರ್ಗವಾಗಿದೆ. ಕೌನ್ಸೆಲಿಂಗಿನಲ್ಲಿ ಅವಳೇ ಕೇಳಿ ಪಡೆದದ್ದು. ಮೇ ಇಪ್ಪತ್ತೆಂಟಕ್ಕೆ ಸಾಮಾನು ಸಾಗಿಸುತ್ತಾಳೆ, ಇಪ್ಪತ್ತೊಂಬತ್ತಕ್ಕೆ ಶಾಲೆ ಶುರು. ನಾನು ತಿಪಟೂರಿನಲ್ಲೇ ಇರುವುದು. ಇದನ್ನೆಲ್ಲ ಅವಳು ಬೆಳಿಗ್ಗೆ ಉಪ್ಪಿಟ್ಟು ಬಡಿಸುತ್ತಾ ಹೇಳಿದಳು.

"ದಿನಾ ಬಸ್ಸಲ್ಲಿ ಹೋಗಿಬರಬಹುದಲ್ಲ," ಎಂದೆ. "ಮೂವತ್ತು ಕಿಲೋಮೀಟರ್ ಕೂಡ ಇಲ್ಲ."

"ದೂರದ ವಿಷಯ ಅಲ್ಲ ಕಣ್ರೀ."

"ಮತ್ತೆ?"

"ಇಪ್ಪತ್ತಾರು ವರ್ಷದಲ್ಲಿ ನಾನು ಹೇಳಿದ ಒಂದು ಮಾತಿಗೂ ನೀವು ಹೌದು ಅಂದಿಲ್ಲ. ಅಲ್ಲ ಅಂತಲೂ ಅಂದಿಲ್ಲ. ನೋಡೋಣ ಅಂತೀರ. ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂದ್ರೂ ನೋಡೋಣ. ನಮ್ಮಪ್ಪ ಹೋದ್ರು ಅಂತ ಫೋನ್ ಬಂದಾಗಲೂ ನೋಡೋಣ ಅಂದ್ರಿ."

ಅದು ನಿಜವೇ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಆಮೇಲೆ, "ನೋಡೋಣ," ಎಂದೆ.

ಅವಳು ತಟ್ಟೆ ಎತ್ತಿಕೊಂಡು ಹೋದಳು. ಉಪ್ಪಿಟ್ಟು ಇನ್ನೂ ಇತ್ತು.

ಬುಧವಾರ ಅವಳ ಅಕ್ಕನ ಮಗಳು ಇಂಪನಾ ರಜಕ್ಕೆ ಬರುತ್ತಾಳೆ. ಅವಳಿಗೆ ಇದು ಗೊತ್ತಾಗಬಾರದಂತೆ. "ಅಕ್ಕನ ಕಿವಿಗೆ ಬಿದ್ರೆ ಅರ್ಧ ನೊಣವಿನಕೆರೆ ಇಲ್ಲಿಗೆ ಬಂದು ಪಂಚಾಯ್ತಿಗೆ ಕೂರುತ್ತೆ. ಅವಳು ಹೋಗೋ ತನಕ ಎಂದಿನ ಹಾಗೇ ಇರೋಣ."

ಎಂದಿನ ಹಾಗೆ ಎಂದರೆ ಹೇಗೆ ಎಂದು ಕೇಳಬೇಕೆನಿಸಿತು.

ಏಪ್ರಿಲ್ 16, ಬುಧವಾರ

ಇಂಪನಾ ಬಂದಳು. ತುಮಕೂರಿನಲ್ಲಿ ಎಂ.ಎ. ಓದುತ್ತಾಳೆ. ಒಂದು ಚೀಲ ಬಟ್ಟೆ, ಎರಡು ಚಾರ್ಜರ್, ಒಂದು ಯೋಜನೆ.

ಯೋಜನೆ ಹೀಗಿದೆ. 'ಸಂಜೆ ಬರುವೆನೆಂದಳು' ಎಂಬ ಪ್ರೇಮಕಥೆಯ ಸಿನಿಮಾವನ್ನು ಎಪ್ಪತ್ತೊಂಬತ್ತರಲ್ಲಿ ನಮ್ಮ ಸುತ್ತಮುತ್ತ ತೆಗೆದರಂತೆ. ಆ ಜಾಗಗಳನ್ನು ಹುಡುಕಿ, ಚಿತ್ರದ ನಾಯಕ ನಾಯಕಿ ನಿಂತಲ್ಲೇ ಯಾರನ್ನಾದರೂ ನಿಲ್ಲಿಸಿ, ಆಗ ಮತ್ತು ಈಗ ಎಂದು ಎರಡು ಫೋಟೋ ಪಕ್ಕಪಕ್ಕ ಹಾಕುವುದು. ಅವಳ ಪೇಜಿಗೆ ನಾಲ್ಕು ಸಾವಿರ ಜನ ಇದ್ದಾರೆ.

"ಜಾಗ ಹುಡುಕೋಕೆ ಚಿಕ್ಕಪ್ಪನಿಗಿಂತ ಬೇಕಾ? ನಿಂತ್ಕೊಳೋಕೆ ನೀವಿಬ್ರೂ ಇದೀರಲ್ಲ."

ಸುನಂದಾ ನನ್ನನ್ನು ನೋಡಿದಳು. ನಾನು ಫ್ಯಾನನ್ನು ನೋಡಿದೆ. ಬೇಡ ಎಂದರೆ ಕಾರಣ ಹೇಳಬೇಕಾಗುತ್ತದೆ. ಇಬ್ಬರೂ ಹೇಳಲಿಲ್ಲ, ಹಾಗಾಗಿ ಒಪ್ಪಿದಂತಾಯಿತು. ಒತ್ತುವರಿಗಳೂ ಹೀಗೇ ಆಗುವುದು.

ಸಂಜೆ ಫೋನಿನಲ್ಲಿ ಸಿನಿಮಾ ನೋಡಿದೆವು. ಯಾರೋ ಪುಣ್ಯಾತ್ಮರು ಶುರುವಿನ ಹೆಸರುಗಳ ಭಾಗ ಕತ್ತರಿಸಿ ಇಂಟರ್ನೆಟ್ಟಿಗೆ ಹಾಕಿದ್ದಾರೆ. ನಾನು ಮೊದಲ ಸಲ ನೋಡಿದ್ದು. ಸುನಂದಾ ಹುಡುಗಿಯಾಗಿದ್ದಾಗ ನೊಣವಿನಕೆರೆಯ ಟೆಂಟಿನಲ್ಲಿ ಮೂರು ಸಲ ನೋಡಿದ್ದಳಂತೆ. ಮೂರು ಸಲವೂ ಅವಳಪ್ಪ ಕರೆದುಕೊಂಡು ಹೋಗಿ ತಾವು ನಿದ್ದೆ ಮಾಡಿದರಂತೆ. ಮದುವೆಯಾಗಿ ಇಷ್ಟು ವರ್ಷವಾದರೂ ಇದು ನನಗೆ ತಿಳಿದಿರಲಿಲ್ಲ.

"ಇವಳ್ಯಾಕೆ ಬಲಗಡೆಗೆ ಸೆರಗು ಹಾಕ್ಕೊಂಡಿದಾಳೆ?" ಎಂದಳು ಸುನಂದಾ. "ಟೆಂಟಲ್ಲಿ ಹೀಗಿರಲಿಲ್ಲ. ಏರಿ ಮೇಲೆ ಬರೋದೂ ಈ ಕಡೆಯಿಂದ ಅಲ್ಲ. ದೇವಸ್ಥಾನದ ಕಡೆಯಿಂದ ಬರ್ತಾಳೆ."

"ಆಗ ಅದು ಸ್ಟೈಲ್ ಇದ್ದಿರಬೇಕು ಚಿಕ್ಕಮ್ಮ," ಎಂದಳು ಇಂಪನಾ.

ನಾನು ನೋಡೋಣ ಎಂದೆ. ಸೆರಗು ಅಳತೆಗೆ ಸಂಬಂಧಪಟ್ಟದ್ದಲ್ಲ.

ಏಪ್ರಿಲ್ 20, ಭಾನುವಾರ

ಹೊನ್ನವಳ್ಳಿ. ಕೆರೆಯ ಏರಿ. ಬೆಳಿಗ್ಗೆ ಏಳೂವರೆ.

ಇಂಪನಾ ಅವಳ ಚಿಕ್ಕಮ್ಮನ ಸ್ಕೂಟರಿನಲ್ಲಿ ಬಂದಳು. ಸುನಂದಾ ಬೇರೆ ದಾರಿಯಿಲ್ಲದೆ ನನ್ನ ಬೈಕಿನ ಹಿಂದೆ. ನಡುವೆ ಟೇಪು, ಛತ್ರಿ, ಚಿತ್ರಾನ್ನದ ಡಬ್ಬಿ ಇದ್ದ ಚೀಲ.

ಚಿತ್ರದಲ್ಲಿ ಇದು ಮೊದಲ ಭೇಟಿಯ ಜಾಗ. ಏರಿಯ ಎಡಕ್ಕೆ ನೀರು, ದೂರದಲ್ಲಿ ಬಲಕ್ಕೆ ಒಂದು ಬೋಳು ಗುಡ್ಡ. ನೀರು ಎಡಕ್ಕೆ ಬರಬೇಕಾದರೆ ಉತ್ತರಕ್ಕೆ ಮುಖ ಮಾಡಿ ನಿಲ್ಲಬೇಕು. ನಿಂತೆವು. ಗುಡ್ಡ ಇರಲಿಲ್ಲ. ಏರಿಯ ಉದ್ದಕ್ಕೂ ಎಂಟು ಕಡೆ ನಿಂತು ನೋಡಿದೆ. ಎಲ್ಲಿಯೂ ಗುಡ್ಡ ಇರಲಿಲ್ಲ. ಕಲ್ಲು ಕ್ವಾರಿಗೆ ಹೋಗಿರಬೇಕೆಂದು ಷರಾ ಬರೆದುಕೊಂಡೆ.

"ಗುಡ್ಡ ಅಲ್ಲೇ ಇದೆಯಲ್ರೀ," ಎಂದಳು ಸುನಂದಾ. "ನಿಮ್ಮ ಬೆನ್ನ ಹಿಂದೆ."

ತಿರುಗಿ ನೋಡಿದೆ. ಇತ್ತು.

"ಅದು ಬೇರೆ ಗುಡ್ಡ," ಎಂದೆ. "ದಿಕ್ಕು ತಾಳೆಯಾಗುವುದಿಲ್ಲ."

ಅವಳು ಛತ್ರಿ ಬಿಚ್ಚಿಕೊಂಡಳು. ಬಿಸಿಲು ಇನ್ನೂ ಏರಿರಲಿಲ್ಲ.

ಇಂಪನಾ ನಮ್ಮನ್ನು ನಿಲ್ಲಿಸಿದಳು. ನಮ್ಮ ಹಳೆಯ ಸರಪಳಿ ಮೂವತ್ತಮೂರು ಅಡಿ. ಅದನ್ನು ಹದಿನಾರು ಆಣೆಯಾಗಿ ಭಾಗ ಮಾಡುತ್ತೇವೆ. ಒಂದು ಆಣೆ ಎಂದರೆ ಎರಡು ಅಡಿಗೆ ಚೂರು ಹೆಚ್ಚು. ನಾವಿಬ್ಬರೂ ಎರಡು ಆಣೆ ಅಂತರದಲ್ಲಿ ನಿಂತಿದ್ದೆವು. ಚಿತ್ರದಲ್ಲಿ ಅವರ ನಡುವೆ ಕಾಲು ಆಣೆಯೂ ಇಲ್ಲ.

"ಚಿಕ್ಕಪ್ಪ, ಸ್ವಲ್ಪ ಹತ್ರ. ಇನ್ನೂ ಸ್ವಲ್ಪ. ಅಯ್ಯೋ, ರೇಷನ್ ಕಾರ್ಡ್ ಫೋಟೋದಲ್ಲಿ ಇದಕ್ಕಿಂತ ಹತ್ರ ಇದ್ರಿ."

ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಅಂಕಮ್ಮ ಎಂಬ ಮುದುಕಿ ನಿಂತು ನೋಡಿದರು. ಎಮ್ಮೆಗಳೂ ನಿಂತವು.

"ಪ್ರೀ ವೆಡ್ಡಿಂಗಾ ಸಾ?" ಎಂದು ನನ್ನನ್ನು ಕೇಳಿದರು.

"ಅಲ್ಲಮ್ಮ."

"ಬುಡಿ, ವಯಸ್ಸಾದ್ರೇನಂತೆ. ಯಾವಾಗ ಮದ್ವೆ?"

"ಇಪ್ಪತ್ತಾರು ವರ್ಷ ಆಯ್ತಜ್ಜಿ," ಎಂದಳು ಸುನಂದಾ.

ಅಂಕಮ್ಮ ನಮ್ಮ ನಡುವಿನ ಎರಡು ಆಣೆಯನ್ನು ಒಮ್ಮೆ ನೋಡಿ ಎಮ್ಮೆಗಳನ್ನು ಮುಂದಕ್ಕೆ ಹೊಡೆದರು.

ಏಪ್ರಿಲ್ 21

ವಿಶೇಷವಿಲ್ಲ. ಚಿತ್ರಾನ್ನದ ಡಬ್ಬಿ ಏರಿಯ ಮೇಲೆ ಉಳಿದುಹೋಗಿದೆ ಎಂದು ಸುನಂದಾ ಹೇಳಿದಳು. ನೋಡೋಣ ಎಂದೆ. ಚೀಲ ತಡಕಿದೆ. ಉಳಿದುಹೋಗಿದೆ.

ಏಪ್ರಿಲ್ 27, ಭಾನುವಾರ

ನೊಣವಿನಕೆರೆ ಹಾದಿಯ ತೆಂಗಿನ ತೋಟ. ವಿರಹದ ಹಾಡಿನ ಜಾಗ. ಚಿತ್ರದಲ್ಲಿ ನಡುವೆ ಒಂದು ಬದು ಇದೆ, ಅದರ ಬಲಕ್ಕೆ ಬಾಗಿದ ತೆಂಗಿನ ಮರ. ನಾಯಕಿ ಅದನ್ನು ತಬ್ಬಿಕೊಂಡು ಅಳುತ್ತಾಳೆ.

ಬದುವಿನ ಎಡಗಡೆ ತೋಟ ನಂಜುಂಡಪ್ಪನದು, ಬಲಗಡೆ ಬಸವರಾಜಪ್ಪನದು. ನಾನು ಟೇಪು ಬಿಚ್ಚಿ ಎರಡು ನಿಮಿಷವಾಗಿರಲಿಲ್ಲ, ಇಬ್ಬರೂ ಎರಡು ಕಡೆಯಿಂದ ಓಡಿಬಂದರು. ನಂಜುಂಡಪ್ಪನ ಕೈಯಲ್ಲಿ ಮಚ್ಚು ಇತ್ತು. ಎಳನೀರು ಕೆತ್ತುತ್ತಿದ್ದನಂತೆ.

"ಸರ್ವೆ ಸಾಹೇಬ್ರೇ, ಗಡಿ ಅಳ್ಸೋಕೆ ನಾನು ಅರ್ಜಿ ಕೊಟ್ಟಿಲ್ವಲ್ಲ. ಇವ್ನು ಕೊಟ್ಟವ್ನಾ?"

"ನಾನ್ಯಾಕ್ ಕೊಡ್ಲಿ," ಎಂದ ಬಸವರಾಜಪ್ಪ. "ಟೇಪ್ ಕಂಡ್ರೆ ಬದ ತಿಂದೋನು ಹೆದರ್ಕಬೇಕು. ನಂಗೇನು."

ಸಿನಿಮಾ ಜಾಗ ನೋಡಲು ಬಂದದ್ದೆಂದು ಹೇಳಿದೆ. ಇಬ್ಬರೂ ನಂಬಲಿಲ್ಲ. ಈ ಒಂದು ವಿಷಯದಲ್ಲಿ ಅವರಿಗೆ ಒಮ್ಮತವಿತ್ತು. ಕೊನೆಗೆ ಇಂಪನಾ ಫೋನು ತೋರಿಸಿದಳು.

"ಇದು ನಮ್ಮ ಬಾಗಿದ ಮರ ಕಣವ್ವ," ಎಂದ ನಂಜುಂಡಪ್ಪ. "ಅವ್ರು ಬಂದಾಗ ನಾನು ಏಳನೇ ಕ್ಲಾಸು. ಆಯಮ್ಮ ತಬ್ಕಂಡಾಗ ಮರದ ತುಂಬ ಕೆಂಜಿಗ, ಮೈಯೆಲ್ಲ ಕಚ್ಚಿದ್ವು. ಐದು ಸಲ ತಬ್ಬಿಸಿದ್ರು, ಐದು ಸಲವೂ ಅತ್ತಳು. ಅದ್ನೇ ವಿರಹ ಅಂತ ಹಾಕವ್ರೆ."

"ನಿನ್ ಮರ ಬದಿನ ಎಡಕ್ಕೈತೆ," ಎಂದ ಬಸವರಾಜಪ್ಪ. "ಇದ್ರಾಗೆ ಬಲಕ್ಕೈತೆ. ಕಣ್ ಬುಟ್ಟು ನೋಡ್ಲಾ. ಇದು ನನ್ ಮರ. ನಂದೂ ಬಾಗೈತೆ."

"ನಿನ್ ಮರ ನೆಟ್ಟಿದ್ದು ನಿನ್ ಮದ್ವೆ ಆದ್ ವರ್ಷ ಕಣ್ಲಾ. ಗುಂಡಿ ತೆಗ್ದೋನು ನಾನೇ."

ಇಬ್ಬರೂ ನನ್ನ ಕಡೆ ತಿರುಗಿದರು. ಬಾಯಿಮಾತಿನ ಸಾಕ್ಷಿಗಿಂತ ದಾಖಲೆ ದೊಡ್ಡದು. ಇದನ್ನು ನಾನು ಹೊಸಬರಿಗೆ ತರಬೇತಿಯಲ್ಲಿ ಹೇಳಿಕೊಡುತ್ತೇನೆ. ದಾಖಲೆಯ ಪ್ರಕಾರ ಮರ ಬದುವಿನ ಬಲಕ್ಕಿದೆ. ಬಸವರಾಜಪ್ಪನದೆಂದು ತೀರ್ಮಾನಿಸಿದೆ.

"ಆ ಮರಕ್ಕೆ ಐವತ್ತು ವರ್ಷ ಆಗಿರೋ ಹಾಗೆ ಕಾಣ್ತದಾ ನಿಮಗೆ?" ಎಂದು ಸುನಂದಾ ಮೆಲ್ಲಗೆ ಕೇಳಿದಳು.

"ನೋಡೋಣ."

ನಂಜುಂಡಪ್ಪ ಕೆತ್ತಿದ್ದ ಎಳನೀರುಗಳನ್ನು ಸುನಂದಾಗೂ ಇಂಪನಾಗೂ ಕೊಟ್ಟ. ನನಗೆ ಕೊಡಲಿಲ್ಲ. ಸುನಂದಾ ಅರ್ಧ ಕುಡಿದು ನನ್ನ ಕೈಗಿಟ್ಟಳು. ಇಂಪನಾ ಇದ್ದಳಲ್ಲ, ಅದಕ್ಕೆ ಇರಬೇಕು.

ಮೇ 2, ಶುಕ್ರವಾರ

ಸುನಂದಾಳ ಪುಸ್ತಕಗಳು ರಟ್ಟಿನ ಡಬ್ಬಗಳಿಗೆ ಹೋಗುತ್ತಿವೆ, ಇಂಪನಾ ಬರುವ ಮೊದಲೇ ಶುರುವಾದ ಕೆಲಸ. ಇಂಪನಾ ಸ್ನಾನಕ್ಕೆ ಹೋದಾಗ ತುಂಬುವುದು, ಬಂದಾಗ ಮಂಚದ ಕೆಳಗೆ ತಳ್ಳುವುದು. ಹುಡುಗಿ ಅರ್ಧ ಗಂಟೆ ಸ್ನಾನ ಮಾಡುತ್ತಾಳೆ. ಈ ವೇಗದಲ್ಲಿ ಕೆಲಸ ಸಮಯಕ್ಕೆ ಸರಿಯಾಗಿ ಮುಗಿಯುತ್ತದೆ.

ಜಮೀನಿನ ನಾಲ್ಕು ದಿಕ್ಕಿಗೆ ಏನಿದೆ ಎಂದು ಬರೆಯುವುದಕ್ಕೆ ಚೆಕ್ಕುಬಂದಿ ಎನ್ನುತ್ತೇವೆ. ನನ್ನ ಮಂಚದ ಈಗಿನ ಚೆಕ್ಕುಬಂದಿ: ಪೂರ್ವಕ್ಕೆ ಐದನೇ ತರಗತಿಯ ಪರಿಸರ ಅಧ್ಯಯನ, ಪಶ್ಚಿಮಕ್ಕೆ ಗೋಡೆ, ಉತ್ತರಕ್ಕೆ ಅವಳ ಸ್ವೆಟರುಗಳು, ದಕ್ಷಿಣಕ್ಕೆ ಓಡಾಡಲು ಜಾಗ.

ಮೇ 4, ಭಾನುವಾರ

ತುರುವೇಕೆರೆ. ಹಳೆಯ ಬಂಗಲೆಯೊಂದರ ಮೆಟ್ಟಿಲು. ಇದನ್ನು ಹುಡುಕುವುದು ಕಷ್ಟವಾಗಲಿಲ್ಲ, ನಾನು ತಿಪಟೂರಿನಿಂದ ದಿನಾ ಹೋಗಿಬರುವ ಕಚೇರಿಯ ಹಿಂದೆಯೇ ಇದೆ. ಹನ್ನೊಂದು ವರ್ಷದಿಂದ ಆ ಮೆಟ್ಟಿಲ ಮೇಲೆ ಕುಳಿತು ಬುತ್ತಿ ತಿನ್ನುತ್ತಿದ್ದೇನೆ.

"ಆ ಮೆಟ್ಟಿಲ ಮೇಲಾ?" ಎಂದಳು ಸುನಂದಾ. "ನನಗೆ ಹೇಳಲೇ ಇಲ್ಲ."

ಬುತ್ತಿ ಎಲ್ಲಿ ತಿನ್ನುತ್ತೇನೆಂದು ಅವಳು ಕೇಳಿರಲಿಲ್ಲ. ನನಗೂ ಆ ಸಿನಿಮಾ ಗೊತ್ತಿರಲಿಲ್ಲ.

ಇಲ್ಲಿ ನಾಯಕನ ಕಣ್ಣಿಗೆ ಧೂಳು ಬೀಳುತ್ತದೆ. ನಾಯಕಿ ರೆಪ್ಪೆ ಬಿಡಿಸಿ ಊದುತ್ತಾಳೆ. ಸುನಂದಾ ಮೇಲಿನ ಮೆಟ್ಟಿಲಲ್ಲಿ, ನಾನು ಕೆಳಗಿನದರಲ್ಲಿ. ಅಂತರ ಒಂದು ಆಣೆ. ಇಂಪನಾ ಹೇಳಿದ ಮೇಲೆ ಅರ್ಧ ಆಣೆ. ಸುನಂದಾ ನನ್ನ ಬಲಗಣ್ಣಿನ ರೆಪ್ಪೆ ಎತ್ತಿದಳು. ಅವಳ ಬೆರಳಿನಲ್ಲಿ ಕೊತ್ತಂಬರಿ ವಾಸನೆ ಇತ್ತು. ಊದಲಿಲ್ಲ. ತುಂಬ ಹೊತ್ತು ನೋಡಿದಳು.

"ಪೊರೆ ಬಂದಿದೆ ಕಣ್ರೀ ನಿಮಗೆ. ಎಷ್ಟು ದಿನದಿಂದ ಹೀಗಿದೆ?"

"ನೋಡೋಣ."

"ಯಾವುದ್ರಲ್ಲಿ ನೋಡ್ತೀರ?"

ಇಂಪನಾ ನಗುವಾಗ ಫೋನು ಅಲ್ಲಾಡಿ ಫೋಟೋ ಕೆಟ್ಟಿತು. ಎರಡನೆಯ ಸಲ ತೆಗೆಯುವಾಗ ಸುನಂದಾ ನಗುತ್ತಿದ್ದಳು. ಮೂರನೆಯ ಸಲ ನಾನು. ಚಿತ್ರದಲ್ಲಿ ಅವರಿಬ್ಬರೂ ಗಂಭೀರವಾಗಿದ್ದಾರೆ. ಫೋಟೋ ತಾಳೆಯಾಗಲಿಲ್ಲ.

ಮೇ 7, ಬುಧವಾರ

ಕಣ್ಣಿನ ಡಾಕ್ಟರು. ಪೊರೆ ಇದೆ. ಜೂನ್ ಕೊನೆಗೆ ಆಪರೇಷನ್.

"ಅವತ್ತು ಜೊತೆಗೆ ಯಾರು ಬರ್ತೀರ?" ಎಂದು ನರ್ಸ್ ಪೆನ್ನು ಹಿಡಿದು ಕೇಳಿದರು.

ನಾನು ಸುನಂದಾಳನ್ನು ನೋಡಿದೆ.

"ನೋಡೋಣ," ಎಂದಳು ಸುನಂದಾ.

ಈ ಮಾತನ್ನು ಕೇಳಿಸಿಕೊಳ್ಳುವ ಜಾಗದಲ್ಲಿ ನಾನು ಯಾವತ್ತೂ ಇರಲಿಲ್ಲ. ಆ ಕಡೆಯಿಂದ ಅದು ಬೇರೆ ಥರ ಕೇಳಿಸುತ್ತದೆ.

ಮೇ 9, ಶುಕ್ರವಾರ

ನಾನು ನಾಯಕನ ಥರ ಅಂಗಿ ಹಾಕಬೇಕಂತೆ. ಅಗಲ ಕಾಲರು, ಕಂದು ಪಟ್ಟೆ. ಇಂಪನಾ ನನ್ನನ್ನು ಮಜೀದ್ ಸಾಹೇಬರ ಅಂಗಡಿಗೆ ಎಳೆದುಕೊಂಡು ಹೋದಳು. ಮಜೀದ್ ಸಾಹೇಬರು ನಲವತ್ತು ವರ್ಷದಿಂದ ತಿಪಟೂರಿನಲ್ಲಿ ಟೈಲರು. ನನ್ನ ಮದುವೆಯ ಸೂಟನ್ನೂ ಅವರೇ ಹೊಲಿದದ್ದು. ಸೊಂಟದ ಅಳತೆ ಈಗಲೂ ನೆನಪಿದೆ ಎನ್ನುತ್ತಾರೆ, ಎಲ್ಲರ ಮುಂದೆ.

ಇಂಪನಾ ಫೋನಿನಲ್ಲಿ ಅಂಗಿ ತೋರಿಸಿದಳು. ಅವರು ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು.

"ಜೇಬು ಯಾವ ಕಡೆ ಇಡ್ಲಿ ಸಾರ್?"

"ಯಾಕೆ, ಎಡಕ್ಕೆ."

"ಇದ್ರಲ್ಲಿ ಬಲಕ್ಕೈತಲ್ಲ. ಗುಂಡಿನೂ ಹೆಂಗಸ್ರ ಥರ ಐತೆ. ನಮ್ಮ ಅಬ್ಬಾ ಕಾಲದಲ್ಲೂ ಗಂಡಸ್ರ ಅಂಗಿಗೆ ಯಾರೂ ಹಿಂಗೆ ಹೊಲೀತಿರಲಿಲ್ಲ." ಫೋನನ್ನು ಇಂಪನಾಳ ಕೈಗೆ ವಾಪಸು ಕೊಟ್ಟು ಅಂದರು. "ಏ ಬೇಟಿ, ಫಿಲಂ ಉಲ್ಟಾ ಐತೆ ಇದು."

ಇಂಪನಾ ಫೋನನ್ನು ಹತ್ತಿರ ಹಿಡಿದು ನೋಡಿದಳು. ಕೈಗಡಿಯಾರ ಬಲಗೈಯಲ್ಲಿತ್ತು. ನಾಯಕ ಊಟ ಮಾಡುವ ದೃಶ್ಯ ಹುಡುಕಿದಳು, ಎಡಗೈಯಲ್ಲಿ ಮಾಡುತ್ತಿದ್ದ. ಕಳ್ಳತನದಲ್ಲಿ ಸಿನಿಮಾ ಹಾಕುವವರು ಸಿಕ್ಕಿಬೀಳದಿರಲೆಂದು ಚಿತ್ರವನ್ನು ಎಡ ಬಲ ತಿರುಗಿಸಿ ಹಾಕುತ್ತಾರಂತೆ. "ನಂಗೆ ಹೊಳೀಲೇ ಇಲ್ವಲ್ಲ ಚಿಕ್ಕಪ್ಪ," ಎಂದಳು.

ನನಗೂ ಹೊಳೆಯಲಿಲ್ಲ. ದಿಕ್ಕು ಹೇಳಿ ಸಂಬಳ ತೆಗೆದುಕೊಳ್ಳುವವನು ನಾನು.

ಮನೆಗೆ ಬಂದು ಈ ಪುಸ್ತಕದ ಹಿಂದಿನ ಹಾಳೆಗಳನ್ನು ತಿರುವಿದೆ. ಏಪ್ರಿಲ್ ಹದಿನಾರರಂದು ಸೆರಗು. ದೇವಸ್ಥಾನದ ಕಡೆಯಿಂದ ಬರುವುದು. ಇಪ್ಪತ್ತರಂದು ಗುಡ್ಡ. ಇಪ್ಪತ್ತೇಳರಂದು ಮರದ ವಯಸ್ಸು. ನಾಲ್ಕೂ ನನ್ನ ಕೈಬರಹದಲ್ಲೇ ಇವೆ. ನಾಲ್ಕರ ಮುಂದೆಯೂ ನನ್ನ ಉತ್ತರ ಇದೆ.

ಮೇ 10, ಶನಿವಾರ

ಸುನಂದಾಗೆ ಇನ್ನೂ ಹೇಳಿಲ್ಲ. ಇಂಪನಾಗೂ ಹೇಳಬೇಡವೆಂದೆ, ನಾನೇ ಹೇಳುತ್ತೇನೆಂದೆ.

ಕಚೇರಿಯಲ್ಲಿ ತಪ್ಪಾದರೆ ತಿದ್ದುಪಡಿಗೆ ಒಂದು ನಮೂನೆ ಇದೆ. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕಣ್ತಪ್ಪಿನಿಂದ' ಎಂದು ಶುರುವಾಗುತ್ತದೆ. ಆ ಧಾಟಿಯಲ್ಲಿ ಮೂರು ಸಲ ಬರೆದು ನೋಡಿದೆ. ಕಣ್ತಪ್ಪು ಎಂಬ ಶಬ್ದಕ್ಕೆ ಬಂದಾಗ ಪ್ರತಿ ಸಲ ನಿಂತುಹೋಯಿತು. ಕಣ್ಣು ಸರಿಯಾಗಿಯೇ ಓದಿತ್ತು. ಕಿವಿಯ ತಪ್ಪಿಗೆ ನಮ್ಮಲ್ಲಿ ನಮೂನೆ ಇಲ್ಲ.

ಮೇ 11, ಭಾನುವಾರ

ಮತ್ತೆ ಹೊನ್ನವಳ್ಳಿ. ಯಾಕೆ ಮತ್ತೆ ಎಂದು ಸುನಂದಾ ಕೇಳಿದಳು. ಬಾ ಎಂದೆ. ಚೀಲವನ್ನು ಇಂಪನಾ ಓಡಿಸುವ ಸ್ಕೂಟರಿಗೆ ಹಾಕಿದ್ದೆ.

ಏರಿಯ ಮೇಲೆ ಈ ಸಲ ದಕ್ಷಿಣಕ್ಕೆ ಮುಖ ಮಾಡಿ ನಿಂತೆವು. ನೀರು ಬಲಕ್ಕೆ. ದೂರದಲ್ಲಿ ಎಡಕ್ಕೆ ಬೋಳು ಗುಡ್ಡ. ಯಾವ ಕ್ವಾರಿಯವರೂ ಅದರ ಒಂದು ಕಲ್ಲನ್ನೂ ಮುಟ್ಟಿಲ್ಲ. ಇಂಪನಾ ಚಿತ್ರವನ್ನು ಸರಿಯಾಗಿ ತಿರುಗಿಸಿ ತಂದಿದ್ದಳು. ಗುಡ್ಡದ ನೆತ್ತಿಯ ಗುಂಡುಕಲ್ಲು ಕೂಡ ಹಾಗೇ ಇತ್ತು.

"ಸಿನಿಮಾ ತಿರುವುಮುರುವಾಗಿತ್ತು," ಎಂದೆ. "ನೀನು ಹೇಳಿದ್ದು ಸರಿ."

"ಯಾವುದು?"

"ಸೆರಗು. ಗುಡ್ಡ. ಅವಳು ದೇವಸ್ಥಾನದ ಕಡೆಯಿಂದ ಬರೋದು. ಆ ಮರ."

ಅವಳು ಗುಡ್ಡವನ್ನೇ ನೋಡುತ್ತಿದ್ದಳು. "ಇನ್ನೇನಾದ್ರೂ ಇದೆಯಾ?"

"ಚಿತ್ರಾನ್ನದ ಡಬ್ಬಿ."

"ಸಾರಿನ ಉಪ್ಪು?"

"ಅದನ್ನು ಈಗ ಪರಿಶೀಲಿಸಲು ಬರುವುದಿಲ್ಲ," ಎಂದೆ. "ಹಿಂದಿನ ತಾರೀಖಿನಿಂದ ಜಾರಿಗೆ ಬರುವಂತೆ ಒಪ್ಪಿಕೊಳ್ಳುತ್ತೇನೆ."

ಅವಳು ನಕ್ಕಳು. ಏರಿಯ ಮೇಲೆ ಕುಳಿತು ನಗುವಷ್ಟು ನಕ್ಕಳು. ನಾನೂ ಪಕ್ಕದಲ್ಲಿ ಕುಳಿತೆ. ಇಂಪನಾ ಏನೋ ಕೂಗುತ್ತಿದ್ದಳು, ಬೆಳಕು ಹೋಗುತ್ತದೆ ಎಂದೋ ಏನೋ.

"ನಿಮ್ಮಪ್ಪ ಹೋದ ದಿನ," ಎಂದೆ. "ಅವತ್ತು ನನಗೆ ಬೇರೆ ಮಾತು ಬರಲಿಲ್ಲ."

ಅವಳು ಸೀರೆಗೆ ಅಂಟಿದ್ದ ಹುಲ್ಲಿನ ಮುಳ್ಳುಗಳನ್ನು ಒಂದೊಂದಾಗಿ ಕಿತ್ತಳು. ಎಲ್ಲ ಕಿತ್ತಾದ ಮೇಲೆ, "ನಿಮಗೆ ಅವರು ಇಷ್ಟ ಇದ್ರು," ಎಂದಳು.

"ಹೌದು."

ಟೇಪು ಬೈಕಿನ ಡಬ್ಬಿಯಲ್ಲೇ ಉಳಿದಿತ್ತು. ಅಂತರ ಎಷ್ಟಿತ್ತೆಂದು ಬರೆದುಕೊಂಡಿಲ್ಲ.

ಮೇ 13

ಡಬ್ಬಗಳು ಇನ್ನೆರಡು ಹೆಚ್ಚಾಗಿವೆ. ಒಪ್ಪಿಕೊಂಡರೆ ಡಬ್ಬಗಳು ಬಿಚ್ಚಿಕೊಳ್ಳುತ್ತವೆ ಎಂದು ನಾನು ಎಣಿಸಿದ್ದೆನೇ? ಬಾಡಿಗೆ ಕರಾರಿಗೆ ಸಹಿಯಾಗಿದೆ. ಅವಳು ಕೇಳಿ ಪಡೆದ ಶಾಲೆ.

ಅಡುಗೆಮನೆಯ ಡಬ್ಬಕ್ಕೆ ದಾರ ಕಟ್ಟುವುದನ್ನು ನಾನೇ ಮಾಡಿದೆ. ನಕ್ಷೆಗಳ ಕಟ್ಟಿಗೆ ಹಾಕುವ ಗಂಟು, ಬಿಚ್ಚುವುದು ಕಷ್ಟ. ಆಮೇಲೆ ಅದನ್ನು ಬಿಚ್ಚಿ ಸಡಿಲ ಗಂಟು ಹಾಕಿದೆ.

ಮೇ 18, ಭಾನುವಾರ

ನೊಣವಿನಕೆರೆ ಹಾದಿ. ಬಸವರಾಜಪ್ಪ ತನ್ನ ಮರಕ್ಕೆ ಸುಣ್ಣ ಬಳಿದು, 'ಸಿನಿಮಾ ಮರ' ಎಂದು ಕೆಂಪಕ್ಷರದಲ್ಲಿ ಬರೆಸಿದ್ದಾನೆ. ಇಂಪನಾಳ ಪೇಜಿನಲ್ಲಿ ನೋಡಿ ಈಗಾಗಲೇ ಮೂರು ಜೋಡಿಗಳು ಬಂದು ತಬ್ಬಿಕೊಂಡು ಹೋಗಿವೆಯಂತೆ. ಕೆಂಜಿಗ ಇಲ್ಲದ ಕಾರಣ ಯಾರೂ ಅತ್ತಿಲ್ಲ.

ಮರ ನಂಜುಂಡಪ್ಪನದೆಂದು ಹೇಳಿದೆ.

"ದಾಖಲೆ ಅಂದ್ರಲ್ಲ ಸಾಹೇಬ್ರೇ."

"ದಾಖಲೆ ಎಡ ಬಲ ಆಗಿತ್ತು."

ಬಸವರಾಜಪ್ಪ ತಲೆ ಕೆರೆದುಕೊಂಡ. "ಹಂಗಾರೆ ನಿಮ್ ನಕ್ಷೆನಾಗೂ ನಮ್ ಬದ ಎಡ ಬಲ ಆಗಿರಬೈದಾ?"

ಇರಬಹುದು ಎಂದೆ. ಇಪ್ಪತ್ತೆಂಟು ವರ್ಷದಲ್ಲಿ ಹೊಲದಲ್ಲಿ ನಿಂತು ನಾನು ಆ ಮಾತು ಆಡಿರಲಿಲ್ಲ. ಇಬ್ಬರೂ ನಾಳೆಯೇ ಗಡಿ ಅಳತೆಗೆ ಅರ್ಜಿ ಕೊಡುತ್ತಾರಂತೆ.

"ನೀವು ಅವತ್ತೇ ನನ್ ಮಾತು ಕೇಳಬೈದಿತ್ತು," ಎಂದ ನಂಜುಂಡಪ್ಪ.

"ಹೌದು," ಎಂದೆ.

ಈ ಸಲ ನನಗೂ ಒಂದು ಎಳನೀರು ಸಿಕ್ಕಿತು. ಅರ್ಧ ಕುಡಿದು ಸುನಂದಾಗೆ ಕೊಟ್ಟೆ. ಅವಳ ಕೈಯಲ್ಲಿ ಅವಳದೇ ಒಂದಿತ್ತು.

ಮೇ 25, ಭಾನುವಾರ

ಇಂಪನಾ ಹೊರಟಳು. ಬಸ್ ಸ್ಟ್ಯಾಂಡಿಗೆ ನಾನೇ ಬಿಟ್ಟುಬಂದೆ. ಏರಿಯ ಮೇಲೆ ನಾವು ಕುಳಿತು ನಗುತ್ತಿರುವ ಫೋಟೋವನ್ನೇ ಹಾಕಿದ್ದಾಳೆ. ಚಿತ್ರದ ಯಾವ ದೃಶ್ಯಕ್ಕೂ ಅದು ತಾಳೆಯಾಗುವುದಿಲ್ಲ. ಹನ್ನೊಂದು ಸಾವಿರ ಜನ ನೋಡಿದ್ದಾರೆ.

ಬಸ್ಸು ಹತ್ತುವ ಮೊದಲು ಹೇಳಿದಳು, "ಚಿಕ್ಕಪ್ಪ, ಮಂಚದ ಕೆಳಗಿನ ಡಬ್ಬಗಳಿಗೆ ಅಡಿಗೂ ಟೇಪ್ ಹಾಕ್ಸಿ. ಪುಸ್ತಕ ಭಾರ, ತಳ ಬಿಟ್ಕೊಳ್ಳುತ್ತೆ."

"ಯಾವಾಗ ಗೊತ್ತಾಯ್ತು?"

"ಬಂದ ದಿನ. ಚಾರ್ಜರ್ ಕೆಳಗೆ ಬಿತ್ತು, ಬಗ್ಗಿದೆ." ಹತ್ತಿ ಕುಳಿತು, ಕಿಟಕಿಯಿಂದ ಮುಖ ಹೊರಹಾಕಿ, "ಅರ್ಧ ಗಂಟೆ ಯಾರು ಸ್ನಾನ ಮಾಡ್ತಾರೆ ಚಿಕ್ಕಪ್ಪ," ಎಂದಳು.

ಈಗ ಮನೆಯಲ್ಲಿ ಯಾರಿಗೂ ಏನನ್ನೂ ಬಚ್ಚಿಡಬೇಕಾಗಿಲ್ಲ. ಸುನಂದಾ ಎಂದಿನ ಹಾಗೆ ಇರಬೇಕಾಗಿಲ್ಲ, ನಾನೂ. ಸಂಜೆ ಅವಳು ಕಾಫಿ ಮಾಡಿ ತಂದು ಪಕ್ಕದ ಕುರ್ಚಿಯಲ್ಲಿ ಕುಳಿತಳು. ಯಾರಿಗಾಗಿ ಎಂದು ತಿಳಿಯಲಿಲ್ಲ.

ಹೋಗಬೇಡ ಎಂದು ಹೇಳಬಹುದಿತ್ತು. ಅವಳು ಕೇಳಿ ಪಡೆದದ್ದನ್ನು ಬೇಡ ಎನ್ನುವುದು, ಅದೂ ನಾನು, ಈಗ. "ಒಳ್ಳೇ ಶಾಲೆ ಅಂತೆ," ಎಂದೆ.

"ಯಾರು ಹೇಳಿದ್ರು?"

"ನೀನೇ. ಏಪ್ರಿಲ್‌ನಲ್ಲಿ."

ಅವಳು ಲೋಟ ಕೆಳಗಿಟ್ಟು ನನ್ನ ಕಡೆ ನೋಡಿದಳು.

ಮೇ 28, ಬುಧವಾರ

ಅಕ್ಕಿ ಡಬ್ಬದ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದೇನೆ. ಮೇಜು ಇನ್ನೂ ಜೋಡಿಸಿಲ್ಲ.

ಮುಜಾಫರ್‌ನ ಗೂಡ್ಸ್ ಆಟೋ ಹತ್ತು ಗಂಟೆಗೆ ಬಂತು. ಎಲ್ಲ ಏರಿಸಿದೆವು. ಮುಂದೆ ಡ್ರೈವರ್ ಬಿಟ್ಟು ಒಬ್ಬರಿಗೆ ಜಾಗ. ಸುನಂದಾ ಕುಳಿತಳು. ನಾನು ಗೇಟಿನ ಹತ್ತಿರ ನಿಂತಿದ್ದೆ, ಹುಷಾರು ಎಂದೋ ಏನೋ ಹೇಳಬೇಕಿತ್ತು.

"ಸಾರ್, ಬೀರು ಬಾಗ್ಲು ನಿಲ್ತಿಲ್ಲ," ಎಂದ ಮುಜಾಫರ್. "ಹಿಂದೆ ಯಾರಾದ್ರೂ ಹಿಡ್ಕೊಂಡ್ ಕೂರಬೇಕು."

ಬೀರುವಿಗೆ ಬೀಗ ಇದೆ. ಬೀಗದ ಕೈ ಸುನಂದಾಳ ಬಳಿ ಇರುತ್ತದೆ. ಅವಳು ಮುಂದೆ ನೋಡುತ್ತಾ, "ಹತ್ರೀ ಮತ್ತೆ," ಎಂದಳು.

ಹಾಗೆ ನಾನು ಬೀರುವಿಗೂ ಹಾಸಿಗೆಗೂ ನಡುವೆ ಕುಳಿತು, ಬಾಗಿಲು ಅದುಮಿ ಹಿಡಿದುಕೊಂಡು ಚಿಕ್ಕನಾಯಕನಹಳ್ಳಿಗೆ ಬಂದೆ. ದಾರಿಯಲ್ಲಿ ತೋಟಗಳೆಲ್ಲ ಹಿಂದಕ್ಕೆ ಹೋಗುತ್ತಿದ್ದವು. ಎಷ್ಟು ಕಿಲೋಮೀಟರ್ ಎಂದು ನೋಡಿಕೊಳ್ಳಲಿಲ್ಲ.

ಮನೆಯ ಯಜಮಾನಿ ಸಿದ್ದಕ್ಕ, ಎಪ್ಪತ್ತು ದಾಟಿದವರು, ಜಗಲಿಯ ಮೇಲೆ ಕಾಲು ಚಾಚಿ ಕುಳಿತು ಬರುವ ಸಾಮಾನನ್ನೆಲ್ಲ ತಪಾಸಣೆ ಮಾಡುತ್ತಿದ್ದರು. ನಾನು ಹಾಸಿಗೆ ಸುರುಳಿಯನ್ನು ತಲೆಯ ಮೇಲೆ ಹೊತ್ತು ಬಂದೆ.

"ಯಾರವ್ವ ಇವ್ರು, ಆಟೋ ಜೊತೆ ಬಂದೋರಾ?"

ಸುನಂದಾ ಹೊಸಿಲ ಒಳಗಿದ್ದಳು. ಕೈಯಲ್ಲಿ ಪೊರಕೆ ಇತ್ತು.

"ಅಲ್ಲ ಕಣಜ್ಜಿ. ನಮ್ಮನೆಯವ್ರು."

"ಒಬ್ಳೇ ಇರ್ತೀನಿ ಅಂದಿದ್ದೆ?"

"ಅಂದಿದ್ದೆ," ಎಂದಳು ಸುನಂದಾ.

ಸಿದ್ದಕ್ಕ ಕಾಲು ಮಡಚಿ ದಾರಿ ಬಿಟ್ಟರು. ಹಾಸಿಗೆ ಎಲ್ಲಿ ಇಡಲಿ ಎಂದು ಕೇಳಿದೆ.

"ಒಳಗೆ," ಎಂದಳು.